ಸುಗುಣತ್ತೆಗೆ ಗಂಡು ನೋಡಲು ಹೋದದ್ದು

ಹೋದ ತಿಂಗಳು ಹೊಸಕೋಟೆಯಿಂದ ಬರುವಾಗ ರಸ್ತೆ ಪಕ್ಕದಲ್ಲಿ ಒಬ್ಬ ತಳ್ಳುಗಾಡಿಯ ಮೇಲೆ ನೀಲಿ ದ್ರಾಕ್ಷಿ ರಾಶಿ ಹಾಕಿಕೊಂಡು ನಿಂತಿದ್ದ. ಕಾರಿನ ಗಾಜು ಇಳಿಸಿದ್ದೇ ತಡ, ಆ ವಾಸನೆ ಒಳಗೆ ನುಗ್ಗಿತು. ಬೀಜವಿಲ್ಲದ ಹಸಿರು ದ್ರಾಕ್ಷಿಗೆ ಆ ವಾಸನೆ ಇಲ್ಲ. ನಮ್ಮ ಕಡೆಯ ನೀಲಿ ದ್ರಾಕ್ಷಿಗೆ ಮಾತ್ರ ಇದೆ. ಸಿಹಿಯೂ ಹುಳಿಯೂ ಸೇರಿ ಮೂಗಿನೊಳಗೆ ಚುರ್ ಅನ್ನುವ ಒಂದು ಘಾಟು. ಒಂದು ಹಣ್ಣು ಬಾಯಿಗೆ ಹಾಕಿ ಒತ್ತಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ. ನಿಮಗೂ ಹೀಗೆ ಯಾವುದೋ ಒಂದು ವಾಸನೆ ಇದ್ದೀತು, ದಾರಿಯಲ್ಲಿ ಸಿಕ್ಕಿ, ಈಗ ಇಲ್ಲದ ಮನೆಯೊಂದರ ಬಾಗಿಲು ತೆಗೆಯುವಂಥದ್ದು. ನನಗೆ ತೆರೆದದ್ದು ಸೂಲಿಬೆಲೆಯಿಂದ ಒಳಗೆ ಹೋದರೆ ಸಿಗುತ್ತಿದ್ದ ನಮ್ಮ ಹೆಂಚಿನ ಮನೆ, ಅದರ ಹಿಂದೆ ಕಲ್ಲುಕಂಬಗಳ ಮೇಲೆ ಹಬ್ಬಿದ್ದ ದ್ರಾಕ್ಷಿ ಚಪ್ಪರ, ಅದರ ನೆರಳಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಓಡಾಡುತ್ತಿದ್ದ ನನ್ನ ಅಜ್ಜಿ ಸಮಾಧಾನಮ್ಮ, ಮತ್ತು ಆಗ ಮದುವೆಯ ವಯಸ್ಸಿಗೆ ಬಂದಿದ್ದ ನನ್ನ ಸುಗುಣತ್ತೆ.

ಅತ್ತೆ ಅಪ್ಪನ ಒಬ್ಬಳೇ ತಂಗಿ. ಸೂಲಿಬೆಲೆಯ ಒಂದು ಪುಟ್ಟ ಶಾಲೆಯಲ್ಲಿ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ನನಗೆ ಆಗ ಹತ್ತು ವರ್ಷ. ರಾತ್ರಿ ಅವಳ ಪಕ್ಕ ಮಲಗುವುದು, ಬೆಳಿಗ್ಗೆ ಅವಳ ಹತ್ತಿರವೇ ಜಡೆ ಹಾಕಿಸಿಕೊಳ್ಳುವುದು, ಅವಳು ನಕ್ಕರೆ ಕಾರಣ ಗೊತ್ತಿಲ್ಲದೆ ನಗುವುದು, ಇದೇ ನನ್ನ ಬದುಕಾಗಿತ್ತು. ಊರಲ್ಲಿ ಕ್ರೈಸ್ತರ ಮನೆ ಅಂತ ಇದ್ದದ್ದು ನಮ್ಮದೊಂದೇ. ಆದರೂ ನಮ್ಮ ಮನೆಗೆ ಬಂದ ಸಂಬಂಧದ ಸುದ್ದಿ ನಮಗಿಂತ ಮುಂಚೆ ಊರಿಗೇ ಗೊತ್ತಾಗುತ್ತಿತ್ತು. ಈ ಸಂಬಂಧ ತಂದವಳು ಮಾರ್ತಮ್ಮ. ಮನೆಯಿಂದ ಮನೆಗೆ ಪ್ರಾರ್ಥನೆಗೆ ಹೋಗುತ್ತಿದ್ದವಳು, ಜೊತೆಗೆ ಗಂಡುಹೆಣ್ಣು ಕೂಡಿಸುತ್ತಿದ್ದವಳು. ಹುಡುಗ ಹೊಸಕೋಟೆಯ ಜಯಶೀಲ, ಫ್ಯಾಕ್ಟರಿಯಲ್ಲಿ ಕೆಲಸ, ಕುಡಿತ ಇಲ್ಲ, ಬೀಡಿ ಇಲ್ಲ. "ಬೆಳಗಿನ ಜಾವ ಕರ್ತನು ನಂಗೆ ಇವರಿಬ್ರನ್ನೂ ಜೊತೇಲಿ ತೋರಿಸ್ದ" ಅಂತ ಮಾರ್ತಮ್ಮ ಕಣ್ಣು ಮುಚ್ಚಿ ಹೇಳಿದಾಗ ನನಗೆ ಮೈಯೆಲ್ಲ ಝುಂ ಅಂದಿತ್ತು. ಅಜ್ಜಿ ಮಾತ್ರ ಅವಳ ತಟ್ಟೆಗೆ ಇನ್ನೊಂದು ಕಜ್ಜಾಯ ಹಾಕಿ, "ನಿಂಗೆ ತೋರಿಸಿದ್ನಲ್ಲ, ಸಂತೋಷ. ನಮ್ಗೂ ಒಂದಿಷ್ಟು ತೋರಿಸ್ಲಿ" ಅಂದಳು.

ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಜಯಶೀಲ ಮಾವ ತಮ್ಮ ಚಿಕ್ಕಪ್ಪನ ಜೊತೆ ಬಂದು, ತಲೆ ಎತ್ತದೆ ಕಾಫಿ ಕುಡಿದು ಹೋದರು. ತಾಯಿ ಯಾಕೆ ಬರಲಿಲ್ಲ ಅಂದದ್ದಕ್ಕೆ ಮಾರ್ತಮ್ಮ, "ಮಂಡಿನೋವು, ಬಸ್ಸು ಹತ್ತೋಕಾಗಲ್ಲ" ಅಂದಳು. ಎಲ್ಲರಿಗೂ ಒಪ್ಪಿಗೆ. ಅಪ್ಪನಂತೂ ಅಂಗಳದಲ್ಲಿ ಎಷ್ಟು ಜನರಿಗೆ ಎಲೆ ಹಾಕಬಹುದು ಅಂತ ಅಳೆದೂ ಮುಗಿಸಿದ್ದ. ಪಕ್ಕದ ಮನೆ ಮುನಿಯಮ್ಮ ಬೇಲಿಯ ಆಚೆಯಿಂದಲೇ ಕೂಗಿದಳು: "ನಮ್ಮಲ್ಲಿ ಜಾತಕ ನೋಡ್ತೀವಿ ಸಮಾಧಾನಮ್ಮ. ನಿಮ್ಮಲ್ಲಿ ಏನ್ ನೋಡ್ತೀರಾ?" ಅಜ್ಜಿ, "ಅದನ್ನೇ ಕೇಳ್ತಾ ಇದೀನಿ ಕಣಮ್ಮ" ಅಂದಳು.

ಕೇಳುವುದು ಅಂದರೆ ಅಜ್ಜಿಗೆ ದೊಡ್ಡ ಪ್ರಾರ್ಥನೆಯೇನಲ್ಲ. ಬೆಳಿಗ್ಗೆ ಹಾಲು ಕರೆಯುವ ಮುಂಚೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಸ್ವಾಮಿ, ನಂಗೆ ಬುದ್ಧಿ ಸಾಲ್ದು. ಇವತ್ತಿಗೆ ಆಗೋವಷ್ಟು ಕೊಡು" ಅನ್ನುತ್ತಿದ್ದಳು. ಅಷ್ಟೇ. ಬಳ್ಳಿ ಯಾವಾಗ ಸವರಬೇಕು, ಯಾವ ಕರು ಇಟ್ಟುಕೊಳ್ಳಬೇಕು, ನೀರಿನ ಜಗಳದಲ್ಲಿ ಮಾತಾಡಬೇಕೋ ಬಾಯಿ ಮುಚ್ಚಿಕೊಂಡಿರಬೇಕೋ, ಎಲ್ಲಕ್ಕೂ ಅದೇ ಪ್ರಾರ್ಥನೆ. ಯಾವಾಗಲೂ ಸರಿಹೋಗುತ್ತಿತ್ತು ಅಂತಲ್ಲ. ಒಂದು ವರ್ಷ ಅವಳ ಮಾತಿನಂತೆ ಬೇಗ ಬಳ್ಳಿ ಸವರಿ, ಆಲಿಕಲ್ಲು ಮಳೆಗೆ ಹೂವೆಲ್ಲ ಉದುರಿಹೋಗಿತ್ತು. "ಕೊಟ್ಟಿದ್ದ, ನಾನೇ ಅರ್ಧ ಕೇಳಿಸ್ಕೊಂಡು ಎದ್ದುಬಂದ್ಬಿಟ್ಟೆ" ಅಂತ ಅವಳೇ ನಕ್ಕಿದ್ದಳು.

ಅತ್ತೆಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕೋಣೆಯೊಳಗೆ ಎಳೆದುಕೊಂಡು, "ಪುಟ್ಟಿ, ಬಾಗಿಲು ಕಾಯಿ. ಯಾರಾದ್ರೂ ಬಂದ್ರೆ ಕೆಮ್ಮು" ಅಂದಳು. ಸತ್ಯವೇದವನ್ನು, ಅಂದರೆ ನಮ್ಮ ಬೈಬಲನ್ನು, ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಪುಟ ಬಿಚ್ಚಿ ಬೆರಳಿಟ್ಟಳು. ಬೆರಳು ಬಿದ್ದ ಕಡೆ ದೇವರ ಮಾತು ಸಿಗುತ್ತದೆ ಅಂತ ಅವಳ ಗೆಳತಿಯೊಬ್ಬಳು ಹೇಳಿದ್ದಳಂತೆ. ಕಣ್ಣು ಬಿಟ್ಟು ನೋಡಿದರೆ ದೇವರ ಗುಡಾರದ ಪರದೆ ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಇರಬೇಕೆಂಬ ವಿವರ. "ಪರದೆ ಅಂದ್ರೆ ಮದುವೆ ಪರದೆ ಇರ್ಬೋದೇನೇ?" ಅಂತ ಅತ್ತೆ ಆಸೆಯಿಂದ ನನ್ನನ್ನೇ ಕೇಳಿದಳು. ಇನ್ನೊಂದು ಸಲ ಇಟ್ಟಳು. ಈ ಸಲ ಯಾರದೋ ಕತ್ತೆ ಒಂಟೆಗಳ ಲೆಕ್ಕ. "ಹಾಗಾದ್ರೆ ಮಾವ ಕತ್ತೆನಾ ಒಂಟೆನಾ?" ಅಂತ ನಾನು ಕೇಳಿದ್ದೇ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಮ್ಮುವುದು ಮರೆತೇಹೋಯಿತು. ತಲೆ ಎತ್ತಿದರೆ ಅಜ್ಜಿ ಬಾಗಿಲಲ್ಲಿ.

ಬೈಯುತ್ತಾಳೆ ಅಂದುಕೊಂಡೆವು. ಅವಳು ಪುಸ್ತಕವನ್ನು ಮುಚ್ಚಿ, ಕಣ್ಣಿಗೊತ್ತಿಕೊಂಡು ಮೇಲಿಟ್ಟಳು. "ಲೇ ಸುಗುಣ, ಬುದ್ಧಿ ಕೇಳೋರು ಕಣ್ಣು ಬಿಟ್ಕೊಂಡು ಕೇಳ್ಬೇಕು ಕಣೇ. ನಾಳೆ ಶಾಲೆಗೆ ರಜಾ ಹೇಳು. ಹೊಸಕೋಟೆಗೆ ಹೋಗ್ಬರೋಣ."

"ಹೇಳದೇ ಕೇಳದೇನಾ?"

"ಹೇಳಿ ಹೋದ್ರೆ ಅವರು ತೋರಿಸಿದ್ದು ಕಾಣ್ಸುತ್ತೆ. ಹೇಳದೇ ಹೋದ್ರೆ ಇರೋದು ಕಾಣ್ಸುತ್ತೆ."

ಆ ರಾತ್ರಿ ನನಗೆ ನಿದ್ದೆ ಎಲ್ಲಿಂದ ಬರಬೇಕು! ಮರುದಿನ ಬೆಳಿಗ್ಗೆ ಇಬ್ಬನಿ ಆರುವ ಮುಂಚೆಯೇ ಅಜ್ಜಿ ಚಪ್ಪರದಡಿ ನಿಂತು ಒಳ್ಳೊಳ್ಳೆ ಗೊಂಚಲು ಕತ್ತರಿಸಿ ಬುಟ್ಟಿಗೆ ಜೋಡಿಸಿದಳು. ಅತ್ತೆ ಮೂರು ಸೀರೆ ಉಟ್ಟು ಬಿಚ್ಚಿ, ಕೊನೆಗೆ ಶಾಲೆಗೆ ಉಡುವ ನೂಲಿನ ಸೀರೆಯನ್ನೇ ಉಟ್ಟಳು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನ ಕ್ಯಾನು, ಹೂಕೋಸಿನ ಮೂಟೆ, ಕೋಳಿ, ಎಲ್ಲದರ ಮಧ್ಯೆ ನಮ್ಮ ಬುಟ್ಟಿಯ ವಾಸನೆಯೇ ಮೇಲುಗೈ. ಬಸ್ಸು ತಿರುಗಿದಾಗಲೆಲ್ಲ ನಾನು ಅತ್ತೆಯ ಮೇಲೆ ಬೀಳುತ್ತಿದ್ದೆ, ಅವಳ ಕೈ ತಣ್ಣಗಿತ್ತು. ನನಗೆ ಜಾತ್ರೆಗೆ ಹೊರಟ ಸಂಭ್ರಮ. ಅವಳಿಗೆ ಏನಿತ್ತೋ ಆಗ ನನಗೆ ತಿಳಿಯಲಿಲ್ಲ.

ಹೊಸಕೋಟೆಯಲ್ಲಿ ಇಳಿದು, ಅವರಿವರನ್ನು ಕೇಳಿಕೊಂಡು, ಒಂದು ಇಕ್ಕಟ್ಟು ಗಲ್ಲಿಯ ಕೊನೆಯ ಮನೆ ಹುಡುಕಿದೆವು. ಬಾಗಿಲು ತೆರೆದೇ ಇತ್ತು. ಕರೆದರೆ ಯಾರೂ ಓಗೊಡಲಿಲ್ಲ. ಹಿತ್ತಲ ಕಡೆ ನೀರಿನ ಸದ್ದು ಕೇಳಿ ಸುತ್ತಿಕೊಂಡು ಹೋದೆವು. ಅಲ್ಲಿ ಬಿಸಿಲಿನಲ್ಲಿ ಒಂದು ಕುರ್ಚಿ; ಕುರ್ಚಿಯ ಮೇಲೆ ಒಬ್ಬ ಹೆಂಗಸು, ಒಂದು ಪಕ್ಕಕ್ಕೆ ವಾಲದಂತೆ ಅವರನ್ನು ಟವೆಲ್ಲಿನಿಂದ ಕುರ್ಚಿಗೆ ಕಟ್ಟಿತ್ತು. ಒಂದು ಕೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಹಿಂದೆ ಲುಂಗಿ ಎತ್ತಿ ಕಟ್ಟಿದ ಜಯಶೀಲ ಮಾವ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ತಾಯಿಯ ಒದ್ದೆ ಕೂದಲಿನ ಸಿಕ್ಕು ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಬಾಚಣಿಗೆ ಕೆಳಗೆ ಬಿತ್ತು. ಆಮೇಲೆ ಅವರ ಮುಖ ಅರಳಿತು. "ಅಯ್ಯೋ, ಬನ್ನಿ ಬನ್ನಿ. ಅಮ್ಮನ್ನ ನೋಡೋಕೇ ಬಂದ್ರಾ?"

ಅಜ್ಜಿ ಬುಟ್ಟಿ ಕೆಳಗಿಟ್ಟಳು. "ಏನಪ್ಪಾ ಇದು? ಮಂಡಿನೋವು ಅಂದ್ರು..."

"ಮಂಡಿನೋವಾ?" ಅವರ ನಗು ಹಾಗೇ ಆರಿಹೋಯಿತು. "ಲಕ್ವ ಹೊಡೆದು ಎರಡು ವರ್ಷ ಆಯ್ತು. ಮಾರ್ತಮ್ಮನ ಹತ್ರ ಮೊದಲನೇ ದಿನಾನೇ ಹೇಳಿದ್ನಲ್ಲಮ್ಮಾ. ನೀವು ಗೊತ್ತಿದ್ದೇ ಒಪ್ಕೊಂಡ್ರಿ ಅಂತ..." ಅವರು ಬಗ್ಗಿ ಬಾಚಣಿಗೆ ಎತ್ತಿಕೊಂಡು ಲುಂಗಿಗೆ ಒರೆಸುತ್ತಾ ನಿಂತರು.

ಅತ್ತೆ ಒಂದು ಹೆಜ್ಜೆ ಮುಂದೆ ಬಂದಳು. ಅವಳ ದನಿ ಶಾಲೆಯಲ್ಲಿ ಇರುವಂತೆಯೇ ನೇರವಾಗಿತ್ತು. "ನಾನು ಕೆಲಸಕ್ಕೆ ಹೋದ್ರೆ ಹಗಲು ಇವರನ್ನ ಯಾರು ನೋಡ್ಕೊತಾರೆ?"

"ಗೊತ್ತಿಲ್ಲ" ಅಂದರು ಮಾವ. "ಈಗ ಹಗಲು ನಾನಿರ್ತೀನಿ, ರಾತ್ರಿ ಪಕ್ಕದ ಮನೆ ಅಕ್ಕ ಇರ್ತಾರೆ. ನಾನು ನೈಟ್ ಶಿಫ್ಟ್ ಕೇಳ್ಕೊಂಡು ಮಾಡ್ತಿದೀನಿ. ಮುಂದಕ್ಕೆ ಹೆಂಗೋ, ನಂಗೂ ಗೊತ್ತಿಲ್ಲ."

ಆಗ ಕುರ್ಚಿಯಲ್ಲಿದ್ದ ತಾಯಿ ತೊದಲು ದನಿಯಲ್ಲಿ ಏನೋ ಹೇಳತೊಡಗಿದರು. ಒಂದಕ್ಷರವೂ ನಮಗೆ ತಿಳಿಯಲಿಲ್ಲ. ಆಡುತ್ತಿದ್ದ ಒಂದು ಕೈಯನ್ನು ಎತ್ತಿ ಅತ್ತೆಯ ಕಡೆ ಮತ್ತೆ ಮತ್ತೆ ಬೀಸುತ್ತಿದ್ದರು. "ಏನಂತಾರೆ?" ಅಂದಳು ಅತ್ತೆ. ಮಾವ ಬಾಚಣಿಗೆಗೆ ಅಂಟಿದ್ದ ಕೂದಲು ಬಿಡಿಸತೊಡಗಿದರು. ಅತ್ತೆ ಮತ್ತೆ ಕೇಳಿದಳು. ಅವರು ನೆಲ ನೋಡುತ್ತಾ ಹೇಳಿದರು: "ಈ ಮನೆಗೆ ಬರ್ಬೇಡ ಮಗಳೇ, ಹೊರಟೋಗು ಅಂತಿದಾರೆ."

ಅಜ್ಜಿ ಆ ತಾಯಿಯ ಕೈ ಹಿಡಿದು ಒಂದಿಷ್ಟು ಹೊತ್ತು ಪ್ರಾರ್ಥನೆ ಮಾಡಿದಳು. ಯಾರೂ ನೀರು ಸಹ ಕುಡಿಯದೆ ಹೊರಟುಬಂದೆವು.

ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ, "ಬೇಡ ಸುಗುಣ. ದೇವರು ಕಣ್ಣಿಗೆ ಕಟ್ಟೋ ಹಂಗೆ ತೋರಿಸ್ಬಿಟ್ಟ. ಬೇಡ" ಅಂದಳು. ನಾನು ಅತ್ತೆಯ ಮುಖ ನೋಡಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳ ಕಣ್ಣು ಹೊಳೆಯುತ್ತಿತ್ತು, ಕೆನ್ನೆ ಕೆಂಪಗಾಗಿತ್ತು, ಓಡಿಬಂದವಳ ಹಾಗೆ ಉಸಿರಾಡುತ್ತಿದ್ದಳು.

"ಅಮ್ಮಾ, ಅವರಮ್ಮ ಏನಂದ್ರು ಅಂತ ನಮಗ್ಯಾರ್ಗೂ ಅರ್ಥ ಆಗ್ಲಿಲ್ಲ, ಅಲ್ವಾ? ಊಟ ಮಾಡ್ಕೊಂಡು ಹೋಗಿ ಅಂತಿದಾರೆ ಅನ್ಬೋದಾಗಿತ್ತು. ಹುಡುಗಿ ಇಷ್ಟ ಆದ್ಲು ಅಂತಿದಾರೆ ಅನ್ಬೋದಾಗಿತ್ತು. ಅವರು ಅನ್ಲಿಲ್ಲ. ತಮಗೇ ನಷ್ಟ ಆಗೋ ಮಾತನ್ನ ಇದ್ದಿದ್ದು ಇದ್ದಂಗೇ ಹೇಳಿದ್ರು."

"ಅದಕ್ಕೆ?"

"ಅದಕ್ಕೇ. ನಾನು ಅವರನ್ನೇ ಮದುವೆ ಆಗ್ತೀನಿ."

ಮುಂದಿನ ದಿನಗಳಲ್ಲಿ ನಮ್ಮ ಮನೆ ಕಾದ ಬಾಣಲೆಯಾಗಿತ್ತು. ಅಪ್ಪ ಮಾರ್ತಮ್ಮನನ್ನು ಕರೆಸಿ ಕೂಗಾಡಿದ. "ಅದೊಂದನ್ನ ಕರ್ತನು ನಂಗೆ ತೋರಿಸ್ಲಿಲ್ಲಪ್ಪ" ಅಂದಳು ಅವಳು. "ಆ ಹುಡುಗನೇ ಬಾಯಿಬಿಟ್ಟು ಹೇಳಿದ್ನಲ್ಲಮ್ಮ!" ಅಂತ ಅಪ್ಪ ತಲೆ ಚಚ್ಚಿಕೊಂಡ. ಅಜ್ಜಿ ಅತ್ತೆಯ ಜೊತೆ ಮಾತು ಬಿಟ್ಟಳು. ಒಲೆಯ ಮುಂದೆ ಅವಳು ಕೂರುವ ಹೊತ್ತು ಉದ್ದವಾಗುತ್ತಾ ಹೋಯಿತು. ಹಸು ಅಂಬಾ ಅಂದರೂ ಏಳುತ್ತಿರಲಿಲ್ಲ. ಅವಳು ದೇವರ ಹತ್ತಿರ ಜಗಳ ಆಡುತ್ತಿದ್ದಾಳೆ ಅಂತ ನನಗೆ ಅನ್ನಿಸುತ್ತಿತ್ತು. ಅತ್ತೆ ಮಾತ್ರ ಯಾರ ಜೊತೆಗೂ ವಾದ ಮಾಡಲಿಲ್ಲ. ಶಾಲೆಗೆ ಹೋದಳು, ಬಂದಳು, ನನ್ನ ಜಡೆ ಹಾಕಿದಳು, ಮೆಲ್ಲಗೆ ಹಾಡಿಕೊಂಡಳು. ಕೊನೆಗೆ ಒಂದು ಭಾನುವಾರ, ಆರಾಧನೆ ಮುಗಿಸಿ ಬಂದು, ಚಪ್ಪಲಿ ಬಿಡುತ್ತಲೇ ಅಜ್ಜಿ ಅಪ್ಪನಿಗೆ ಹೇಳಿದಳು: "ಚರ್ಚ್ ಅಯ್ಯನವರ ಹತ್ರ ಹೋಗಿ ಮದುವೆಗೆ ದಿನ ಕೇಳ್ಕೊಂಬಾ."

"ನೀನೇ ಬೇಡ ಅಂತಿದ್ಯಲ್ಲಮ್ಮ!"

"ಅಂದೆ. ಹೆದರಿಕೆಗೆ ಅಂದೆ. ಬುದ್ಧಿ ಕೇಳಿದ್ದು ನಾನು ಕಣೋ, ಸ್ವಾಮಿ ಕೊಟ್ಟಿದ್ದು ಅವಳಿಗೆ. ಇನ್ನು ನಾನು ಅಡ್ಡ ನಿಲ್ಲಲ್ಲ." ಹಾಗಂದು ಅತ್ತೆಯನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ನಾನು ಸಂತೋಷ ತಡೆಯಲಾರದೆ ಚಪ್ಪರದ ಕೆಳಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕೂಗುತ್ತಾ ಓಡಿದೆ. ಬೇಲಿಯಾಚೆ ಮುನಿಯಮ್ಮ, "ಏನಾಯ್ತೇ ಪುಟ್ಟಿ?" ಅಂತ ಗಾಬರಿಯಾಗಿ ಎದ್ದು ಬಂದಳು.

ಈಸ್ಟರ್ ಕಳೆದ ಮೇಲೆ ಮದುವೆ ಆಯಿತು. ಮಾವನ ತಾಯಿಯನ್ನು ಟೆಂಪೋದಲ್ಲಿ ಕುರ್ಚಿಯ ಸಮೇತ ಕರೆತಂದರು. ನಮ್ಮೂರಿನ ಗಂಡಸರೇ ನಾಲ್ಕು ಜನ ಆ ಕುರ್ಚಿ ಎತ್ತಿ, ಹೋ ಅಂತ ನಗುತ್ತಾ, ಚರ್ಚಿನ ಮೆಟ್ಟಿಲು ಹತ್ತಿಸಿದರು. ಪ್ರತಿಜ್ಞೆ ಹೇಳುವಾಗ ಅತ್ತೆಯ ದನಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಅಡುಗೆಯವರಿಗೂ ಕೇಳಿಸಿತಂತೆ.

ಎಲ್ಲವೂ ಹೂವಿನ ಹಾಸಿಗೆಯಾಗಲಿಲ್ಲ. ಅತ್ತೆ ಕೆಲವು ವರ್ಷ ಶಾಲೆ ಬಿಡಬೇಕಾಯಿತು. ಒಂದು ಸಲ ಸಿಟ್ಟು ಮಾಡಿಕೊಂಡು ಬ್ಯಾಗು ಹಿಡಿದು ಬಂದೂ ಬಿಟ್ಟಳು. ಅಜ್ಜಿ ಉಪದೇಶ ಮಾಡಲಿಲ್ಲ. ಅವಳಿಗೆ ಬಿಸಿ ಮುದ್ದೆ ಬಸ್ಸಾರು ಬಡಿಸಿ, ಮಲಗಿಸಿ, ತಾನು ಅದೇ ದಿನ ಹೊಸಕೋಟೆಗೆ ಹೋಗಿ ಬೀಗಿತ್ತಿಯನ್ನು ಒಂದು ವಾರ ನೋಡಿಕೊಂಡಳು. ವಾರ ಕಳೆಯುವಷ್ಟರಲ್ಲಿ ಅತ್ತೆಗೇ ಆ ಮನೆಯ ಚಿಂತೆ ಹತ್ತಿತು. ಆ ತಾಯಿ ಮುಂದೆ ಬಹಳ ಕಾಲ ಬದುಕಿದರು. ಅವರ ಮಾತು ಕೊನೆಗೆ ಮಗನಿಗಿಂತ ಅತ್ತೆಗೇ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರು ಹೋದ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಚಪ್ಪರವಿದ್ದ ನೆಲದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಮನೆಯಿದ್ದ ಜಾಗ ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಜಯಶೀಲ ಮಾವನೂ ಈ ವರ್ಷ ತೀರಿಕೊಂಡರು. ಹೋದ ತಿಂಗಳು ನಾನು ಹೊಸಕೋಟೆಗೆ ಹೋದದ್ದು ಅತ್ತೆಯನ್ನು ನೋಡಲಿಕ್ಕೇ. ಮಾತಿನ ನಡುವೆ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ. "ಅತ್ತೆ, ಆವತ್ತು ಬಸ್ಸಲ್ಲಿ ದೇವರು ನಿಂಗೆ ಏನಾದ್ರೂ ಹೇಳಿದ್ನಾ?"

ಅತ್ತೆ ಯೋಚಿಸಿದಳು. "ಏನೂ ಹೇಳ್ಲಿಲ್ಲ ಕಣೇ. ಹೋಗೋವಾಗ ಇದ್ದ ಭಯ ಬರೋವಾಗ ಇರ್ಲಿಲ್ಲ, ಅಷ್ಟೇ. ಅದನ್ನೇ ನಂಬ್ದೆ."

ಆಮೇಲೆ ಎದ್ದು ಹೊರಗೆ ಹೋದಳು. ಹಗ್ಗದ ಮೇಲೆ ಮಾವನ ಬಿಳಿ ಅಂಗಿಯೊಂದು ಒಣಗುತ್ತಿತ್ತು. ಅದನ್ನು ತಂದು, ನಾಳೆ ಬೆಳಿಗ್ಗೆ ಯಾರೋ ತೊಟ್ಟುಕೊಂಡು ಕೆಲಸಕ್ಕೆ ಹೊರಡುತ್ತಾರೆ ಅನ್ನುವ ಹಾಗೆ, ಕಾಲರು ನೇರ ಮಾಡಿ ಮಡಚಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಳು.