ಫೋಫಿಯೆಯ ಪೀಠ ಕೆತ್ತಿದ ಯಂತ್ರ

ದಪಾನ ಯಂತ್ರ ಮೊಟ್ಟಮೊದಲು ಕಚ್ಚಿದ್ದು ಮರವನ್ನಲ್ಲ, ಅವನ ಬಟ್ಟೆಯನ್ನು. ಅಂದು ಶನಿವಾರ. ಊರಲ್ಲಿ ಯಾರದೋ ಸಾವಿನ ಕಾರ್ಯ ಮುಗಿಸಿ, ಹೆಗಲಿಂದ ಮೈತುಂಬ ಸುತ್ತಿದ ಕಪ್ಪು ಬಟ್ಟೆಯಲ್ಲೇ ಎಲ್ಲರೂ ಅವನ ಅಂಗಳಕ್ಕೆ ಬಂದಿದ್ದೆವು. ಒಮ್ಮೆ ಓಡಿಸಿ ತೋರಿಸು ಅಂದರು. ಅವನು ಬಗ್ಗಿ ಗುಂಡಿ ಒತ್ತಿದ. ಗಿರಗಿರನೆ ತಿರುಗುವ ಬೈರಿಗೆ ಬಟ್ಟೆಯ ಸೆರಗು ಹಿಡಿದು ತನಗೇ ಸುತ್ತಿಕೊಂಡಿತು. ಹೆಸರು ದಪಾ, ಆಳು ಕಡ್ಡಿ; ಆ ಕಡ್ಡಿ ಈಗ ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತಿತ್ತು. ಇಂಥ ಹೊತ್ತಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಬೆರಳ ನಡುವೆ ಸಂದಿ ಬಿಡುವುದನ್ನು ನಾನೇ ಕಲಿತೆ.

"ನೋಡ್ರಪ್ಪಾ, ನನ್ನ ಗಂಡ ಎಷ್ಟು ಬಿಚ್ಚು ಮನಸ್ಸಿನೋನು!" ಎಂದಳು ಬಿರಾಗೊ. ಅವಳು ದಪಾನ ಸತ್ತ ಹೆಂಡತಿ ಫೋಫಿಯೆಯ ಅಕ್ಕ. ತಂಗಿಯ ಗಂಡನನ್ನೂ ಗಂಡ ಎನ್ನುವುದು ಇಲ್ಲಿನ ಸಲಿಗೆ.

ದಪಾ ನಗಲಿಲ್ಲ, ನಾಚಲೂ ಇಲ್ಲ. ಯಂತ್ರ ಆರಿಸಿ, ಬಟ್ಟೆಯನ್ನು ಸುತ್ತುಸುತ್ತಾಗಿ ಬಿಡಿಸಿ, ಹರಿದದ್ದನ್ನೇ ಮತ್ತೆ ಹೊದ್ದುಕೊಂಡ. "ಬೆಲ್ಟು ಸ್ವಲ್ಪ ಸಡಿಲ ಇದೆ," ಎಂದ.

ಫೋಫಿಯೆ ಹೋದಾಗಿನಿಂದ ಅವನು ಹೀಗೆಯೇ. ನಮ್ಮ ಅಹ್ವಿಯಾ ಪೀಠ ಕೆತ್ತುವವರ ಊರು. ಬಾಗಿದ ಆಸನ, ನಡುವಿನ ಕುಸುರಿ, ಅಡಿಹಲಗೆ ಎಲ್ಲವನ್ನೂ ಒಂದೇ ದಿಮ್ಮಿಯಲ್ಲಿ ಬಿಡಿಸುವವರಲ್ಲಿ ದಪಾನ ಬಾಚಿಗೆ ಹೆಸರಿತ್ತು. ಹೆಂಡತಿಯ ಕಾರ್ಯಕ್ಕೆ ಡೋಲು, ಶಾಮಿಯಾನ ಎಲ್ಲ ಬಂದವು. ಜನ ಗೋಳೋ ಎಂದು ಅತ್ತರು. ಅವನು ಬಾಡಿಗೆ ಕುರ್ಚಿಗಳ ಸಾಲು ನೇರ ಮಾಡುತ್ತಿದ್ದ.

ಅತ್ತೆ ಕೇಳಿದ್ದು ಒಂದೇ: "ವರ್ಷದ ಕಾರ್ಯಕ್ಕೆ ನಮ್ಮನೇಲಿ ಅವಳ ನೆನಪಿಗೆ ಅವಳದೊಂದು ಪೀಠ ಇರ್ಬೇಕು ಅಳಿಯಂದ್ರೇ. ನೀವು ಮಾಡಿದ್ದೇ ಆಗ್ಬೇಕು. ಇಲ್ದಿದ್ರೆ ಬರಲೇ ಬೇಡಿ."

ಅವನು ಬಾಚಿ ಮುಟ್ಟಲಿಲ್ಲ. ಕುಮಾಸಿ ಪೇಟೆಯ ಗುಜರಿಗೆ ಹೋಗಿ ಕೆಟ್ಟ ಜೆರಾಕ್ಸ್ ಯಂತ್ರಗಳ ಮೋಟಾರು, ಡ್ರಾಯರಿನ ಹಳಿ, ಉದ್ದನೆಯ ತಿರುಪು ಸರಳು ತಂದ. ಪೀಠಕ್ಕೆಂದು ಇಟ್ಟಿದ್ದ ಮರದಲ್ಲಿ ಚೌಕಟ್ಟು ಕಟ್ಟಿದ. ಸಿಎನ್‌ಸಿ ಅಂತೆ. ಹಳೇ ಲ್ಯಾಪ್‌ಟಾಪ್ ಹೇಳಿದ ಕಡೆಗೆಲ್ಲ ಬೈರಿಗೆ ತಾನೇ ಓಡಾಡಿ ಕೆತ್ತುತ್ತದಂತೆ. ಮಳೆಗೆ ಮರ ಉಬ್ಬಿ ಚೌಕಟ್ಟು ಸೊಟ್ಟಗಾಯಿತು, ಬಿಚ್ಚಿದ. ಕಬ್ಬಿಣ ಹಾಕಿದ, ಮೋಟಾರು ಎಳೆಯಲಿಲ್ಲ, ಬಿಚ್ಚಿದ. ಕರೆಂಟು ಹೋದರೆ ಬರುವವರೆಗೂ ಪಕ್ಕದಲ್ಲೇ ಕೂತಿರುತ್ತಿದ್ದ.

"ಏನೋ, ಇನ್ನೂ ತೊಟ್ಟಿಲೇ ಕಟ್ತಿದ್ದೀಯಾ? ಮಗು ಯಾವಾಗ?" ಎಂದು ಪಕ್ಕದ ಕೆತ್ತನೆಯವ ಸಾರ್ಪೊಂಗ್ ದಿನಾ ಚುಚ್ಚುತ್ತಿದ್ದ.

"ಬೆಲ್ಟು ಬರ್ಬೇಕು."

ಬಟ್ಟೆ ತಿಂದ ಮಾರನೆಯ ವಾರ, ವರ್ಷದ ಕಾರ್ಯ ಇನ್ನೇನು ಬಂತೆನ್ನುವಾಗ, ಯಂತ್ರ ಕೊನೆಗೂ ಕೆತ್ತಿತು. ಓಣಿಯವರೆಲ್ಲ ಕಿವಿ ಮುಚ್ಚಿಕೊಂಡೆವು. ದಿಮ್ಮಿಯನ್ನು ಹೊರಳಿಸಿ ಹೊರಳಿಸಿ ಇಡುವುದಷ್ಟೇ ದಪಾನ ಕೆಲಸ. ಆಸನದ ಎಡತುದಿ ಕೊಂಚ ತಗ್ಗಾಯಿತು. ಬಾಚಿಯಲ್ಲಿ ಎರಡು ಸಲ ಎಳೆದಿದ್ದರೆ ಸರಿಹೋಗುತ್ತಿತ್ತು. ಎಳೆಯಲಿಲ್ಲ.

ಅತ್ತೆಯ ಅಂಗಳದಲ್ಲಿ ಪೀಠ ಇಳಿಸಿದವನೇ ಅದನ್ನು ಮಗ್ಗುಲಿಗೆ ಉರುಳಿಸಿಟ್ಟ. ಕೂತವರು ಎದ್ದುಹೋದ ಮೇಲೆ ನಾವು ಪೀಠವನ್ನು ನೆಟ್ಟಗೆ ಬಿಡುವುದಿಲ್ಲ, ಬೇರೆ ಯಾರಾದರೂ, ಕಣ್ಣಿಗೆ ಕಾಣದವರು, ಬಂದು ಕೂತಾರೆಂದು. ಮುದುಕಿ ಆಸನ ಸವರುತ್ತ ಹೋದಳು. ತಗ್ಗಿನ ಹತ್ತಿರ ಕೈ ನಿಂತಿತು.

"ಅವಳೂ ಎಡಕ್ಕೇ ವಾಲ್ಕೊಂಡು ಕೂರ್ತಿದ್ಲು," ಎಂದು ಅತ್ತಳು. "ಊಟಕ್ಕೆ ಬನ್ನಿ ಅಳಿಯಂದ್ರೇ."

ದಪಾ ಅಂಗಳದ ಕೋಳಿಯನ್ನು ನೋಡುತ್ತಿದ್ದ.

ಬಿರಾಗೊ ಅವನ ಪಕ್ಕ ಬಂದು ನಿಂತಳು. ದನಿಯಲ್ಲಿ ತಮಾಷೆ ಇರಲಿಲ್ಲ. "ಯಜಮಾನ್ರೇ, ಬಾಚಿ ಹಿಡಿದಿದ್ರೆ ನಿಮಗಿದು ನಾಲ್ಕು ದಿನದ ಕೆಲ್ಸ. ವರ್ಷವಿಡೀ ಆ ಯಂತ್ರದ ಜೊತೆ ಗುದ್ದಾಡಿದ್ರಲ್ಲ, ಯಾಕೆ? ಅವಳ ಪೀಠ ಅಂತ ಕೈ ಬರ್ಲಿಲ್ವಾ?"

ನಾವೆಲ್ಲ ಕರವಸ್ತ್ರ ತೆಗೆದು ಸಿದ್ಧರಾದೆವು. ದಪಾ ಹೆಗಲ ಬಟ್ಟೆಯ ಹೊಸ ಹೊಲಿಗೆ ಮುಟ್ಟಿ ನೋಡಿಕೊಂಡ.

"ಬಾಚಿಯಲ್ಲಾದ್ರೆ ನಾಲ್ಕೇ ದಿನಕ್ಕೆ ಮುಗಿದುಹೋಗ್ತಿತ್ತಲ್ಲ," ಎಂದ.