ಟವೆಲ್ಲಿನ ಕೆಳಗಿನ ಕೈ

ಯಾರೋ ಒಬ್ಬ ನಡೆಯುತ್ತ ನಡೆಯುತ್ತ ಬೇರೊಂದು ಲೋಕವನ್ನೇ ಹೊಕ್ಕನಂತೆ ಎಂಬ ಕಥೆ ಕೇಳಿದಾಗಲೆಲ್ಲ ನಾನು ಮೂಗು ಮುರಿದವನೇ. ಕೆಲಸವಿಲ್ಲದವರ ಹರಟೆ ಎನ್ನುತ್ತಿದ್ದೆ. ಈಗ ಹಾಗೆನ್ನುವ ಧೈರ್ಯವಿಲ್ಲ. ನನಗಾದದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಊಟಕ್ಕೆ ಕೂಡುವ ಮುಂಚೆ ಮಾತ್ರ ಇದನ್ನು ಓದಬೇಡಿ.

ಎರಡನೆಯ ಮಹಾಯುದ್ಧದ ದಿನಗಳವು. ಕುಪ್ಪೇಲೂರಿನ ನನ್ನ ಸೋದರಮಾವ ಎತ್ತಿನ ವ್ಯಾಪಾರದ ದಲಾಲ. ಜ್ವರದಿಂದ ಆಗಷ್ಟೇ ಎದ್ದಿದ್ದರೂ ರಾಣೇಬೆನ್ನೂರಿನ ದನದ ಸಂತೆಗೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದ. ಅವನನ್ನು ನೋಡಲು ಬ್ಯಾಡಗಿಯಿಂದ ಹೋಗಿದ್ದ ನನಗೆ ಅತ್ತೆ, "ತಮ್ಮಾ, ನೀನೂ ಕೂಡ ಹೋಗು. ಅವರೊಬ್ಬರನ್ನ ಬಿಡಬ್ಯಾಡ. ಲಗೂ ಕರ್ಕೊಂಡು ಬಾ," ಎಂದಳು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ. ಒಪ್ಪಿಗೆಯಾದರೆ ಅಂಗೈ ಒತ್ತಬೇಕು. ಕೊಳ್ಳುವವರು ಎತ್ತಿನ ತುಟಿ ಎತ್ತಿ, ಹಲ್ಲು ನೋಡಿ ಪ್ರಾಯ ತಿಳಿಯುತ್ತಾರೆ. ಆ ಸಗಣಿ, ಆ ಜೊಲ್ಲು, ಆ ನೊಣ ಎಲ್ಲವೂ ನನಗೆ ಮೊದಲಿನಿಂದಲೂ ಹೇಸಿಗೆ. ಮೂಗು ಮುಚ್ಚಿಕೊಂಡು ಈ ಕಡೆ ತಿರುಗಿ ಆ ಕಡೆ ನೋಡುವಷ್ಟರಲ್ಲಿ ಮಾವ ಇರಲಿಲ್ಲ.

ಸುಡುವ ಮಧ್ಯಾಹ್ನ. ಅವನನ್ನು ಹುಡುಕುತ್ತ ಎತ್ತಿನ ಚಕ್ಕಡಿಗಳ ಸಂದಿಯಲ್ಲಿ ನುಸುಳಿ ಆಚೆ ಹೋದೆ. ಆಚೆಗೂ ಸಂತೆಯೇ ಇತ್ತು. ಆದರೆ ಗದ್ದಲವಿಲ್ಲ, ಧೂಳಿಲ್ಲ, ಒಂದು ನೊಣವೂ ಇಲ್ಲ. ಹಳಸಿದ ಅಂಬಲಿಯ ನಾತ ಮಾತ್ರ ಮೂಗಿಗೆ ಅಡರುತ್ತಿತ್ತು. ಗೂಟಗಳಿಗೆ ಕಟ್ಟಿದ್ದು ಎತ್ತುಗಳನ್ನಲ್ಲ, ಮನುಷ್ಯರನ್ನು. ಯಾರೂ ಅಳುತ್ತಿರಲಿಲ್ಲ, ಕೊಸರಾಡುತ್ತಿರಲಿಲ್ಲ. ದವಡೆ ಆಡಿಸುತ್ತ ಸುಮ್ಮನೆ ನಿಂತಿದ್ದರು.

ಸಾಲಿನ ತುದಿಯಲ್ಲಿ ನಮ್ಮ ಮಾವ. ಮುಖಕ್ಕೆ ರುಮಾಲು ಸುತ್ತಿಕೊಂಡ ಒಬ್ಬ ಅವನ ತುಟಿ ಎತ್ತಿ, ಬಾಯೊಳಗೆ ಬೆರಳು ತುರುಕಿ ಒಸಡು ತಿಕ್ಕಿ ನೋಡುತ್ತಿದ್ದ. ಮಾವನ ಜೊಲ್ಲು ಆ ಬೆರಳಿನಿಂದ ನೂಲಿನಂತೆ ಇಳಿಯಿತು. ಆತ ಅದನ್ನು ಮಾವನ ಅಂಗಿಗೇ ಒರೆಸಿದ. ಅಷ್ಟಾದರೂ ನಮ್ಮ ಸಿಡುಕ ಮಾವನಿಗೆ ಸಿಟ್ಟು ಬರಲಿಲ್ಲ.

"ಇವ ನಮ್ಮ ಮಾವ ಅದಾನ. ಬಿಡ್ರಿ ಅವನ್ನ!" ಎಂದು ಕೂಗಿದೆ.

"ಬೇಕಾಗಿದ್ರ ಕೈ ಕೊಡ್ರಿ," ಎಂದ ಆತ, ಮರ್ಯಾದೆಯಿಂದಲೇ. "ಸಂತ್ಯಾಗ ಪುಕ್ಕಟ ಯಾರು ಬಿಡತಾರ?"

ನನ್ನ ಕೈಯ ಮೇಲೆ ಟವೆಲ್ಲು ಬಿತ್ತು. ಅದರ ಕೆಳಗೆ ಇದ್ದದ್ದು ಕೈಯಲ್ಲ. ಬೆಚ್ಚಗೆ, ಹಸಿಯಾಗಿ, ದನದ ನಾಲಿಗೆಯಂತೆ ತರಿತರಿಯಾದದ್ದೇನೋ ನನ್ನ ಬೆರಳುಗಳನ್ನು ಒಂದೊಂದಾಗಿ ಸುತ್ತಿ ಹಿಸುಕಿತು. ಏನು ಕೇಳುತ್ತಿದೆಯೋ ತಿಳಿಯಲಿಲ್ಲ. ಕೈ ಕಿತ್ತುಕೊಂಡರೆ ಮಾವ ಅಲ್ಲೇ ಉಳಿಯುತ್ತಾನೆ. ಅತ್ತೆಗೆ ಏನು ಹೇಳಲಿ? ಕಣ್ಣು ಮುಚ್ಚಿ ಒತ್ತಿಬಿಟ್ಟೆ.

"ಆತು, ಹೊಡ್ಕೊಂಡು ಹೋಗ್ರಿ," ಎಂದ.

ಮಾವನ ರಟ್ಟೆ ಹಿಡಿದು ಚಕ್ಕಡಿಗಳ ಸಂದಿಯಿಂದ ಈಚೆ ಎಳೆದು ತಂದೆ. ಗದ್ದಲ, ಧೂಳು, ನೊಣ ಎಲ್ಲ ಮತ್ತೆ ಬಂದವು. ನಾನು ಅಲ್ಲೇ ಕುಕ್ಕರಿಸಿ ವಾಂತಿ ಮಾಡಿಕೊಂಡೆ. ಕೈಯನ್ನು ಮಣ್ಣು ಹಚ್ಚಿ ಹಚ್ಚಿ ತೊಳೆದರೂ ಆ ಅಂಟು ಹೋದಂತೆ ಅನಿಸಲಿಲ್ಲ. "ಯಾಕೋ, ಬಿಸಲು ಬಡೀತೇನು?" ಎಂದು ಮಾವ ಕೇಳಿದ. ಅವನಿಗೆ ಏನೊಂದೂ ನೆನಪಿರಲಿಲ್ಲ.

ಬಿಸಿಲು ತಲೆಗೇರಿತ್ತು ಎಂದು ನಾನೂ ಸುಮ್ಮನಾಗಬಹುದಿತ್ತು. ಆದರೆ ಮುಂದೊಮ್ಮೆ ಕುಪ್ಪೇಲೂರಿಗೆ ಹೋದಾಗ ಅತ್ತೆ ನನ್ನನ್ನು ಹಿತ್ತಲಿಗೆ ಕರೆದಳು.

"ನಿಮ್ಮ ಮಾವ ಉಂಡು ತಾಸುಗಟ್ಲೆ ಆದ್ರೂ ದವಡಿ ಆಡಸ್ತಾರ. ಒಮ್ಮೆ ಬಾಯಿ ತೆಗಸಿ ನೋಡಿದೆ, ಮುಂಜಾನಿ ಉಂಡ ರೊಟ್ಟಿ ತಿರುಗಿ ಬಾಯಾಗ ಬಂದಿತ್ತು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿ, "ನಿನ್ನ ಕೂಡ ಕಳಿಸಿದ್ದೆ ತಮ್ಮಾ. ಖರೇ ಹೇಳು, ಅವತ್ತು ನೀ ಕರ್ಕೊಂಡು ಬಂದದ್ದು ಯಾರನ್ನ?" ಎಂದು ಕೇಳಿದಳು.

ಮಾವ ಆಮೇಲೆ ಬಹಳ ವರ್ಷ ಬದುಕಿದ. ನಾನು ಅವನ ಪಕ್ಕದಲ್ಲಿ ಊಟಕ್ಕೆ ಕೂಡಲಿಲ್ಲ. ಅತ್ತೆ ಕೊನೆಯವರೆಗೂ ಅವನಿಗೆ ಹೊತ್ತುಹೊತ್ತಿಗೆ ಬಡಿಸಿದಳು, ಮುಖ ಆ ಕಡೆ ತಿರುಗಿಸಿಕೊಂಡು.