ಖರಾಬು ಎಂದು ಬರೆದ ಕಾನು

ಸಾಗರದ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಎಂಟೂವರೆ. ನನ್ನನ್ನು ತಂದ ರೈಲು ಹೊಗೆ ಬಿಡುತ್ತ ತಾಳಗುಪ್ಪದ ಕಡೆ ಹೊರಟಿತು. ಏಪ್ರಿಲ್ ತಿಂಗಳು, ಆ ಹೊತ್ತಿಗಾಗಲೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸರ್ವೆ ಕೆಲಸದಿಂದ ನಿವೃತ್ತನಾಗಿ ಶಿವಮೊಗ್ಗದ ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದವನನ್ನು ಎಬ್ಬಿಸಿದ್ದು ಒಂದು ಕಾರ್ಡು. ಹಿಂದೆ ನನ್ನ ಜೊತೆ ಅಳತೆಯ ಸರಪಳಿ ಎಳೆಯುತ್ತಿದ್ದ ರೈತ ಚೌಡಪ್ಪ ಯಾರ ಕೈಯಲ್ಲೋ ಬರೆಸಿದ್ದ: ‘ಊರ ಮೇಲಿನ ಕಾನು ಕಡೀತಾರಂತೆ. ನೀವೇ ಬರ್ಬೇಕು.’

ಅವನ ಹಳ್ಳಿಗೆ ತೀರ್ಥಹಳ್ಳಿಯಿಂದ ಹೋಗುವುದೇ ಹತ್ತಿರ. ಆದರೂ ನಾನು ಅಳೆದ ನೆಲವನ್ನೆಲ್ಲ ಇನ್ನೊಮ್ಮೆ ನೋಡುವ ಆಸೆಯಿಂದ ಸುತ್ತುದಾರಿ ಹಿಡಿದಿದ್ದೆ. ಹೊಸನಗರಕ್ಕೆ ಸುಮಾರು ಇಪ್ಪತ್ತು ಮೈಲಿ, ಒಂದು ರೂಪಾಯಿ ಟಿಕೆಟ್ಟು. ಬಸ್ಸಿನ ಮೇಲೆ ಪಾತ್ರೆಗಳ ಮೂಟೆಯ ಜೊತೆ ಒಂದು ಬಾಗಿಲ ಚೌಕಟ್ಟನ್ನೂ ಕಟ್ಟಿದ್ದರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗಿದವರದು. ಎಲ್ಲಿಗೆ ಹೊರಟಿರಿ ಎಂದು ಪಕ್ಕದ ಮುದುಕನನ್ನು ಕೇಳಿದೆ.

“ಎಲ್ಲಿ ತೋರಿಸ್ತಾರೋ ಅಲ್ಲಿಗೆ” ಎಂದ. “ಮೊದ್ಲು ತೋರ್ಸಿದ ಜಾಗ್ದಾಗೆ ಬರೀ ಜಂಬಿಟ್ಟಿಗೆ ಕಲ್ಲು, ಏನೂ ಬೆಳೆಯಂಗಿಲ್ಲ. ಅಲ್ಲಿ ಸುತ್ತಲಿನೋರನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ರು.”

ಕೇಳುವವರು ಯಾರು? ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಕೂತವರಿಗೆ ಊರವರ ಮಾತು ಬೇಡ. ನನಗೆ ಅಲ್ಲಿಯೇ ಸಿಟ್ಟು ಶುರುವಾಯಿತು.

ಹೊಸನಗರದಲ್ಲಿ ಊಟ ಮುಗಿಸಿ, ನಗರ ಎಂಬ ಹಳೆಯ ಕೋಟೆಯೂರಿಗೆ ಬಂದು ರಾತ್ರಿ ತಂಗಿದೆ. ಬೆಳಿಗ್ಗೆ ಕೋಟೆಯ ಕಡೆ ನಡೆದೆ. ಗೋಡೆಗಳು ಕುಸಿದಿವೆ, ಬುರುಜಿನ ಮೇಲೆ ಮುಳ್ಳು ಬೆಳೆದಿದೆ. ಆದರೆ ಕೆಳದಿ ಅರಸರ ಕಾಲದ ಕೊಳದಲ್ಲಿ ಏಪ್ರಿಲ್ ಬಿಸಿಲಿನಲ್ಲೂ ತಿಳಿನೀರು. ಯಾವ ಗುಡ್ಡ ನೀರು ಹಿಡಿಯುತ್ತದೆ, ಎಲ್ಲಿ ಕೊಡಲಿ ಹಾಕಬಾರದು ಎಂದು ತಿಳಿದೇ ಅವರು ಕಟ್ಟಿದ್ದರು.

ಅಲ್ಲಿಂದ ತೀರ್ಥಹಳ್ಳಿಯ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದು ಎರಡು ಮೈಲಿ ನಡೆದೆ. ಚೌಡಪ್ಪನ ಹೆಂಡತಿ ಗುತ್ಯಮ್ಮ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದಳು. “ಅಂತೂ ಬಂದ್ರಾ ರಾಯ್ರೇ” ಎಂದು ಒಳಗೆ ಹೋದಳು. ಉಂಡು ಚೌಡಪ್ಪನ ಜೊತೆ ಕಾನಿಗೆ ಹತ್ತಿದೆ. ಕಾನೆಂದರೆ ಬರಿಯ ಕಾಡಲ್ಲ. ಊರವರೇ ತಲೆತಲಾಂತರದಿಂದ ಕಾಯ್ದುಕೊಂಡ ಕಾಡು. ಗೊಬ್ಬರಕ್ಕೆ ಉದುರಿದೆಲೆಯ ದರಗು ತರಬಹುದು, ಮೆಣಸು, ಹುಳಿಗೆ ಉಪ್ಪಾಗೆ ಕೊಯ್ಯಬಹುದು. ಹಸಿ ಮರ ಕಡಿಯುವಂತಿಲ್ಲ. ಅಂಚಿನಲ್ಲಿ ಸೂರ್ಯ ಚಂದ್ರರನ್ನು ಕೆತ್ತಿದ ಹಳೆಯ ಗಡಿಕಲ್ಲು ನಿಂತಿದೆ.

“ರಾಂಪತ್ರೆ ಮರ ಇದ್ದಲ್ಲಿ ಕಾಲಡಿಗೇ ನೀರು” ಎಂದು ಚೌಡಪ್ಪ ತರಗೆಲೆ ಸರಿಸಿದ. ಬೆರಳಿಗೆ ತಂಪು ಹತ್ತಿತು. ಆ ಒರತೆಯೇ ಇಳಿದು ಕೆಳಗಿನ ಅವನ ಗದ್ದೆಗೆ ಹೋಗುತ್ತದೆ. “ಇದು ಹೋದ್ರೆ ನನ್ ಗದ್ದೆ ಹೋತು, ಮನೆ ಬಾವಿನೂ ಹೋತು.”

ಆ ರಾಮಪತ್ರೆಯ ಮೈಮೇಲೂ ಕಡಿಯುವ ಗುರುತಿನ ಕಚ್ಚು ಬಿದ್ದಿತ್ತು. ಪಿತ್ತ ನೆತ್ತಿಗೇರಿತು. ಮರುದಿನ ಬೆಳಿಗ್ಗೆಯೇ ಚೌಡಪ್ಪನನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋದೆ. ಅವನನ್ನು ಅರಣ್ಯ ಇಲಾಖೆಯ ಕಚೇರಿಯ ಜಗಲಿಯಲ್ಲಿ ಕೂರಿಸಿ ಒಳಗೆ ನುಗ್ಗಿದೆ.

ಸಾಹೇಬರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. “ಲಿಂಗನಮಕ್ಕಿಯಲ್ಲಿ ಮುಳುಗಿದ ಕಾಡಿಗೆ ಬದಲಾಗಿ ಹೊಸ ಕಾಡು ಬೆಳೆಸಬೇಕಲ್ಲ ಸಾರ್. ಅಲ್ಲಿ ನೀಲಗಿರಿ ಹಾಕ್ತೀವಿ” ಎಂದರು.

“ಕಾಡು ಬೆಳೆಸೋದಕ್ಕೆ ಕಾಡು ಕಡೀತೀರಾ? ಅದು ಕಾನು ಕಣ್ರೀ! ನೂರಾರು ವರ್ಷದಿಂದ ಊರಿಗೆ ನೀರು ಕೊಡೋ ಕಾನು!” ನನ್ನ ದನಿಗೆ ಗುಮಾಸ್ತರು ತಲೆ ಎತ್ತಿದರು.

“ದಾಖಲೆಯಲ್ಲಿ ಕಾನು ಇಲ್ಲವಲ್ಲ.”

“ಯಾವ ಕತ್ತೆ ಬರೆದದ್ದು ಆ ದಾಖಲೆ?”

ಅವರು ಹಳೆಯ ಸರ್ವೆ ಪುಸ್ತಕ ತರಿಸಿ ನನ್ನ ಮುಂದೆ ತಿರುಗಿಸಿ ಇಟ್ಟರು. ಆ ಸರ್ವೆ ನಂಬರಿನ ಎದುರಿಗೆ ಒಂದೇ ಮಾತು: ಖರಾಬು. ಉಪಯೋಗಕ್ಕೆ ಬಾರದ ನೆಲ. ಕೆಳಗಿನ ಸಹಿ ನನ್ನದು.

ಗದ್ದೆ, ತೋಟ, ಖುಷ್ಕಿ, ಖರಾಬು. ನಮಗೆ ಕೊಟ್ಟ ಫಾರಮ್ಮಿನಲ್ಲಿ ಇದ್ದದ್ದು ಇಷ್ಟೇ ಕಲಂ. ಕಾನಿಗೆ ಕಲಂ ಇರಲಿಲ್ಲ. ಅಂದು ಸರಪಳಿ ಹಿಡಿದು ನಿಂತಿದ್ದ ಚೌಡಪ್ಪ, “ಕಾನು ಅಂತ ಬರೀರಿ ರಾಯ್ರೇ” ಎಂದಿದ್ದ. ನಾನು ನಕ್ಕು, “ನಿನ್ನ ಕೇಳಿ ಬರೀಬೇಕೇನಯ್ಯಾ” ಎಂದಿದ್ದೆ. ಮೂರು ದಿನದಿಂದ ಯಾರ್ಯಾರನ್ನೋ ಬೈದುಕೊಂಡು ಬಂದವನು ಗುಮಾಸ್ತರಿಂದ ಒಂದು ಹಾಳೆ ಕೇಳಿ ಪಡೆದೆ.

ನಾನು ಬರೆದದ್ದು ತಪ್ಪು, ಅದು ಕಾನು ಎಂದು ಅಲ್ಲಿಯೇ ಹೇಳಿಕೆ ಬರೆದುಕೊಟ್ಟೆ. ಸಾಹೇಬರು ಓದಿದರು. “ಆಗ ನೀವು ಅಧಿಕಾರದಲ್ಲಿದ್ದಿರಿ ಸಾರ್. ಈಗ ಇದು ಬರಿಯ ಅರ್ಜಿ. ಮೇಲಕ್ಕೆ ಕಳಿಸ್ತೀನಿ” ಎಂದರು.

ಹೊರಗೆ ಬಂದು ಚೌಡಪ್ಪನ ಮುಂದೆ ನಿಂತೆ. “ಖರಾಬು ಅಂತ ಬರೆದದ್ದು ನಾನೇ ಕಣೋ” ಎಂದೆ.

“ಗೊತ್ತು ರಾಯ್ರೇ” ಎಂದ. “ಅದ್ಕೇ ನಿಮ್ಗೇ ಕಾಗ್ದ ಬರ್ಸಿದ್ದು.”

ಶಿವಮೊಗ್ಗದ ಬಸ್ಸು ಹೊರಡುವಾಗ ಅವನು ತುಂಗೆಯ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದ. ಒಮ್ಮೆಯಾದರೂ ನನ್ನನ್ನು ಬೈದಿದ್ದರೆ ಆಗುತ್ತಿತ್ತು.